ದಾರಿ ತೋರಿಸಿದ್ದು ತಾತನ ಮದುವೆ ರಿಜಿಸ್ಟರ್

ನಮ್ಮ ತಾತ ಹುಟ್ಟಿದ್ದು ಬಳ್ಳಾರಿಯಲ್ಲೇ ಎಂದು ಮನೆಯವರೆಲ್ಲ ನಂಬಿದ್ದರು. ಆದರೆ ಇಲ್ಲಿನ ಚರ್ಚಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್, ಕ್ರೈಸ್ತಧರ್ಮಕ್ಕೆ ಸೇರಿಸುವ ವಿಧಿ) ರಿಜಿಸ್ಟರಿನಲ್ಲಿ ಅವರ ಹೆಸರೇ ಇರಲಿಲ್ಲ. ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಎನ್/2 ಎಂಬ ಸರಣಿಯಲ್ಲಿ. ಕಂಟೋನ್ಮೆಂಟಿನ ಯುರೋಪಿಯನ್ ಕುಟುಂಬಗಳನ್ನು ಹುಡುಕುವವರಿಗೆ ಅದು ತುಂಬಾ ಉಪಯೋಗ. ನಮ್ಮಂಥವರ ಹೆಸರು ಅಲ್ಲಿ ಅಪರೂಪ.

ಕೊನೆಗೆ ಕೈ ಹಿಡಿದದ್ದು ಮದುವೆ ರಿಜಿಸ್ಟರ್. ಕ್ಯಾಥೊಲಿಕ್ ಚರ್ಚಿನಲ್ಲಿ ಮದುವೆಗೆ ಮೊದಲು ದೀಕ್ಷಾಸ್ನಾನದ ಪತ್ರ ಕೇಳುತ್ತಾರೆ. ಮದುವೆ ಆದಮೇಲೆ ದೀಕ್ಷಾಸ್ನಾನ ಆದ ಚರ್ಚಿಗೆ ಸುದ್ದಿ ಕಳಿಸುತ್ತಾರೆ. ಅಲ್ಲಿ ಹಳೇ ನಮೂದಿನ ಅಂಚಿನಲ್ಲಿ ಅದನ್ನು ಬರೆದಿಡಬೇಕು. 1908ರಿಂದ ಇದು ನಿಯಮ. ಎಷ್ಟು ಒಳ್ಳೆಯ ಪದ್ಧತಿ ಅಲ್ವಾ!

ತಾತನ ಮದುವೆಯ ಸಾಲಿನಲ್ಲಿ ದೀಕ್ಷಾಸ್ನಾನ ಆದ ಊರು 'ಮುದಗಲ್' ಎಂದಿತ್ತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಕ್ಯಾಥೊಲಿಕರು ಬಹಳ ಹಳಬರು. ಆ ಊರು ಆಗ ನಿಜಾಮರ ಸೀಮೆ, ಬಳ್ಳಾರಿ ಮದ್ರಾಸಿನದು. ಈಗ ಎರಡೂ ಒಂದೇ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿವೆ, ಅಂದರೆ ಒಬ್ಬರೇ ಬಿಷಪ್ಪರ ಆಡಳಿತದಲ್ಲಿ.

ಮುದಗಲ್ಲಿನ ಚರ್ಚಿನಲ್ಲಿ ತಾತನ ದೀಕ್ಷಾಸ್ನಾನದ ನಮೂದು ಸಿಕ್ಕಿತು. ಹೆಸರು ಲ್ಯಾಟಿನ್ನಿನಲ್ಲಿ, 'ಯೊವಾನ್ನೆಸ್' ಎಂದು. ಪಕ್ಕದ ಅಂಚಿನಲ್ಲಿ ಬೇರೆ ಶಾಯಿ, ಬೇರೆ ಕೈಬರಹ: ಅಜ್ಜಿಯ ಹೆಸರು, ಮದುವೆಯ ತಾರೀಖು, ಬಳ್ಳಾರಿ. ನೋಡಿ ಕಣ್ಣು ತುಂಬಿ ಬಂತು.

ನೀವೂ ಹುಡುಕುತ್ತಿದ್ದರೆ ಮೊದಲು ಮದುವೆಯ ನಮೂದು ನೋಡಿ. ತಂದೆ ತಾಯಿಯ ಹೆಸರು, ಅಂದಾಜು ವರ್ಷ ಬರೆದುಕೊಂಡು ಫಾದರ್‌ಗೆ ಮುಂಚೆಯೇ ಫೋನ್ ಮಾಡಿ. ಕ್ರಿಸ್‌ಮಸ್, ಈಸ್ಟರ್ ಹೊತ್ತಿಗೆ ಬೇಡ, ಅವರಿಗೆ ಕೆಲಸ ಜಾಸ್ತಿ. ಪುಟದ ಫೋಟೊಗೆ ಒಪ್ಪದಿದ್ದರೆ ಸಹಿ ಹಾಕಿದ ಪ್ರತಿ ಕೇಳಿ, ಅಂಚಿನ ಬರಹವನ್ನೂ ಸೇರಿಸಿ ಕೊಡಿ ಎನ್ನಿ.