ಕೊರೆಯುವ ಚಳಿಯಲ್ಲಿ ಕಿಲ್ಟ್ ಉಡುವುದು ಹೇಗೆ?

ಸ್ಕಾಟ್ಲೆಂಡಿನಲ್ಲಿ ಜನ ಕಿಲ್ಟ್, ಅಂದರೆ ಸೊಂಟದಿಂದ ಮಂಡಿಯವರೆಗೆ ಬರುವ ನೆರಿಗೆಯ ಗಂಡಸರ ಉಡುಪು, ಉಟ್ಟು ಬೀದಿಗಿಳಿಯುವ ದೊಡ್ಡ ದಿನಗಳಲ್ಲಿ ಹಲವು ಚಳಿಗಾಲದಲ್ಲೇ ಬರುತ್ತವೆ. ನವೆಂಬರ್ 30ಕ್ಕೆ ಸೇಂಟ್ ಆಂಡ್ರ್ಯೂಸ್ ದಿನ, ಡಿಸೆಂಬರ್ 31ಕ್ಕೆ ಹೊಸ ವರ್ಷದ ಹಿಂದಿನ ದಿನದ ಹಬ್ಬ ಹಾಗ್‌ಮನೇ, ಜನವರಿ 25ಕ್ಕೆ ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ರಾತ್ರಿ. ಅಲ್ಲಿ ಓದಲು ಹೋದ ನಮ್ಮ ಕಡೆಯ ಹುಡುಗರೂ ಪದವಿ ಪ್ರದಾನಕ್ಕೋ ಗೆಳೆಯನ ಮದುವೆಗೋ ಬಾಡಿಗೆ ಕಿಲ್ಟ್ ತರುವುದುಂಟು. ಉಡುವ ಮೊದಲು ಎಲ್ಲರಿಗೂ ಬರಿ ಮಂಡಿಯದೇ ಚಿಂತೆ. ಅದು ಬೇಡ. ಚಳಿ ಹಿಡಿಸುವುದು ಮಂಡಿಯಲ್ಲ. ತೆಳು ಬಟ್ಟೆ, ಕೆಳಗಿನಿಂದ ನುಗ್ಗುವ ಗಾಳಿ ಮತ್ತು ಒದ್ದೆ ಪಾದ.

ಮೊದಲು ಬಟ್ಟೆಯ ತೂಕ ಕೇಳಿ

ಕಿಲ್ಟ್ ಬಟ್ಟೆಯನ್ನು ಗಜಕ್ಕೆ ಎಷ್ಟು ಔನ್ಸ್ ಎಂಬ ಲೆಕ್ಕದಲ್ಲಿ ಮಾರುತ್ತಾರೆ. 10–11 ಔನ್ಸ್ ತೆಳು, 13 ಮಧ್ಯಮ, 16 ಭಾರದ್ದು. ಸೈನ್ಯದ ಕಿಲ್ಟ್‌ಗಳು ಇನ್ನೂ ದಪ್ಪ. ಚಳಿಗೆ 16 ಔನ್ಸ್‌ನ ಶುದ್ಧ ಉಣ್ಣೆಯೇ ಬೇಕು, ಅದೂ 8 ಗಜದ್ದು. ದುಪ್ಪಟ್ಟು ಅಗಲದ ಬಟ್ಟೆಯನ್ನು ಉದ್ದಕ್ಕೆ ಸೀಳಿ ಜೋಡಿಸುವುದರಿಂದ ಇದಕ್ಕೆ ಹಿಡಿಯುವುದು 4 ಗಜ. ಬಟ್ಟೆಯ ತೂಕವೇ ಹತ್ತಿರಹತ್ತಿರ 1.8 ಕಿಲೋ. ಹೊತ್ತುಕೊಂಡು ತಿರುಗಬೇಕಲ್ಲ ಎನ್ನಬೇಡಿ, ಈ ಭಾರವೇ ನಿಮ್ಮ ರಕ್ಷಣೆ. ಹಿಂದಿನ ಆಳವಾದ ನೆರಿಗೆಗಳು ಪದರದ ಮೇಲೆ ಪದರವಾಗಿ ಕೂತು ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಮುಂದೆ ಎರಡು ಚಪ್ಪಟೆ ಪದರಗಳು ಒಂದರ ಮೇಲೊಂದು ಬರುತ್ತವೆ. ಭಾರದ ಅಂಚು ಗಾಳಿಗೆ ಏಳುವುದಿಲ್ಲ.

ಅಗ್ಗದ ಬಾಡಿಗೆ ಅಂಗಡಿಗಳಲ್ಲಿ 5 ಗಜದ ಪಾಲಿಯೆಸ್ಟರ್-ವಿಸ್ಕೋಸ್ ಕಿಲ್ಟ್ ಕೊಡುವುದುಂಟು. ನೋಡಲು ಅಡ್ಡಿಯಿಲ್ಲ. ಆದರೆ ನೆರಿಗೆ ಆಳವಿರುವುದಿಲ್ಲ, ಬೀದಿ ತಿರುವಿನಲ್ಲಿ ಗಾಳಿ ಬೀಸಿದರೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು. ಉಣ್ಣೆಗೆ ಇನ್ನೊಂದು ಗುಣವಿದೆ: ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ.

ಉಡುವ ಎತ್ತರ

ಜೀನ್ಸ್ ಹಾಕಿ ರೂಢಿಯಾದವರು ಕಿಲ್ಟನ್ನೂ ಸೊಂಟದ ಮೂಳೆಗೆ ಇಳಿಸಿ ಕಟ್ಟುತ್ತಾರೆ. ಆಗ ಬೆನ್ನಿನ ಕೆಳಭಾಗ ಗಾಳಿಗೆ ತೆರೆದುಕೊಳ್ಳುತ್ತದೆ, ಅಂಚು ಮಂಡಿಯ ಹಿಂದೆ ಉಜ್ಜುತ್ತದೆ. ಪಂಚೆಯ ಹಾಗೆ ಹೊಕ್ಕುಳ ಮಟ್ಟಕ್ಕೆ ಕಟ್ಟಿ. ನೆಟ್ಟಗೆ ಮಂಡಿಯೂರಿ ನಿಂತಾಗ ಅಂಚು ನೆಲದಿಂದ ಒಂದಂಗುಲದೊಳಗೆ ಇದ್ದರೆ ಅಳತೆ ಸರಿ. ಒಳಪದರದ ಪಟ್ಟಿಯನ್ನು ಎಡಗಡೆಯ ಸೀಳಿನಿಂದ ಹೊರತೆಗೆದು ಮೊದಲು ಬಿಗಿಯಿರಿ, ಆಮೇಲೆ ಬಲಗಡೆಯ ಮೇಲಿನ ಪಟ್ಟಿ. ಬಲ ಸೊಂಟದ ಮೇಲೆ ಇನ್ನೊಂದು ಪಟ್ಟಿ ಇದ್ದರೆ ಅದನ್ನು ಸುಮ್ಮನೆ ತಾಗಿಸಿ ಹಾಕಿದರೆ ಸಾಕು. ಎಳೆದರೆ ಮುಂಭಾಗ ಸುಕ್ಕುಗಟ್ಟುತ್ತದೆ.

ಗಾಳಿಗೆ ಹೆದರಿ ಎರಡೂ ಪದರ ಸೇರಿಸಿ ಪಿನ್ ಚುಚ್ಚಬೇಡಿ. ಹೆಜ್ಜೆ ಹಾಕುವಾಗ ಪದರಗಳು ಒಂದರ ಮೇಲೊಂದು ಜಾರಬೇಕು, ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಕಿಲ್ಟ್ ಪಿನ್ ಹೊರಪದರಕ್ಕೆ ಮಾತ್ರ. ಮುಂಭಾಗವನ್ನು ಒತ್ತಿಹಿಡಿಯುವ ಕೆಲಸ ಸ್ಪೊರನ್ನದ್ದು, ಅಂದರೆ ಮುಂದೆ ನೇತಾಡುವ ಚರ್ಮದ ಚೀಲದ್ದು. ಬೆಲ್ಟಿನ ಬಕಲ್‌ನಿಂದ ನಾಲ್ಕು ಬೆರಳು ಕೆಳಗೆ ಬರುವಂತೆ ಸರಪಳಿ ಹೊಂದಿಸಿ.

ಒಳಗೆ ಏನು?

ಎಲ್ಲರೂ ಕೇಳುವ ಪ್ರಶ್ನೆ. ಸಂಪ್ರದಾಯ ಏನೇ ಹೇಳಲಿ, ಬಾಡಿಗೆ ಕಿಲ್ಟ್ ಆದರೆ ಒಳಚಡ್ಡಿ ಹಾಕುವುದೇ ಮರ್ಯಾದೆ. ಚಳಿಗೆ ಮೆರಿನೊ ಉಣ್ಣೆಯ ಉದ್ದ ಚಡ್ಡಿ ಒಳ್ಳೆಯದು, ಕಿಲ್ಟಿನ ಅಂಚಿಗಿಂತ ಒಂದು ಗೇಣು ಮೇಲಕ್ಕೇ ಮುಗಿಯಬೇಕು. ಸೈಕಲ್ ಸವಾರರ ನೈಲಾನ್ ಚಡ್ಡಿಗೆ ಉಣ್ಣೆ ತಿಕ್ಕಿ ಬಟ್ಟೆ ತೊಡೆಗೆ ಅಂಟಿಕೊಳ್ಳುತ್ತದೆ. ಮೈಬಣ್ಣದ ಉದ್ದ ಟೈಟ್ಸ್ ಹಾಕಿ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಳ್ಳುವವರಿದ್ದಾರೆ. ಎಲ್ಲರಿಗೂ ಗೊತ್ತಾಗುತ್ತದೆ.

ಕಾಲು

ದಪ್ಪ ಉಣ್ಣೆಯ ಉದ್ದ ಕಾಲುಚೀಲವನ್ನು ಮಂಡಿಚಿಪ್ಪಿನಿಂದ ಎರಡು-ಮೂರು ಬೆರಳು ಕೆಳಗೆ ಮಡಚಿ. ಮಡಿಕೆಯೊಳಗಿನ ಎಲಾಸ್ಟಿಕ್ ಪಟ್ಟಿಯ ಅಡಿ ಒಂದು ಬೆರಳು ಸಲೀಸಾಗಿ ಹೋಗಬೇಕು. ಬಿಗಿಯಾದರೆ ರಕ್ತಸಂಚಾರ ಕುಗ್ಗಿ ಬೆರಳುಗಳು ತಣ್ಣಗಾಗುತ್ತವೆ; ಎಷ್ಟು ದಪ್ಪದ ಕಾಲುಚೀಲವಿದ್ದರೂ ಆಮೇಲೆ ಪ್ರಯೋಜನವಿಲ್ಲ. ಒಳಗೊಂದು ತೆಳು ಕಾಲುಚೀಲ ಸೇರಿಸಬಹುದು, ಶೂನಲ್ಲಿ ಬೆರಳು ಆಡುವಷ್ಟು ಜಾಗ ಉಳಿದರೆ ಮಾತ್ರ.

ಕಿಲ್ಟಿನ ಜೊತೆ ಕೊಡುವ ಗಿಲ್ಲಿ ಬ್ರೋಗ್ ಶೂಗೆ ನಾಲಿಗೆಯೇ ಇರುವುದಿಲ್ಲ. ಮಳೆನೀರು ಲೇಸಿನ ಸಂದಿಯಿಂದ ನೇರ ಒಳಗಿಳಿಯುತ್ತದೆ. ಸಭಾಂಗಣಕ್ಕೆ ಅದು ಸರಿ, ಬೀದಿಯಲ್ಲಿ ನಾಲ್ಕು ಗಂಟೆ ನಿಲ್ಲುವುದಾದರೆ ಕಣಕಾಲು ಮುಚ್ಚುವ ಚರ್ಮದ ಬೂಟು ಹಾಕಿ. ಬೆಟ್ಟ ಹತ್ತುವವರು ಬೂಟಿನ ಮೇಲೆ ಗೇಟರ್, ಅಂದರೆ ಮೀನಖಂಡವನ್ನು ಸುತ್ತುವ ಹೊದಿಕೆ, ಕಟ್ಟುತ್ತಾರೆ. ಹಿಮ ಕಾಲುಚೀಲಕ್ಕೆ ಅಂಟುವುದಿಲ್ಲ, ಮೀನಖಂಡವೂ ಬೆಚ್ಚಗಿರುತ್ತದೆ.

ಒದ್ದೆಯಾದ ಅಂಚು ಮಂಡಿಯ ಹಿಂಭಾಗವನ್ನು ತರಚುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸ್ಕಾಟಿಷ್ ಸೈನಿಕರ ಕಿಲ್ಟಿನ ಅಂಚಿಗೆ ಕೆಸರು ಹತ್ತಿ ಹೆಪ್ಪುಗಟ್ಟಿ ಕಾಲನ್ನು ಕೊಯ್ಯುತ್ತಿತ್ತು. ಮಳೆಯ ಸೂಚನೆಯಿದ್ದರೆ ಹೊರಡುವ ಮುನ್ನ ಮಂಡಿಯ ಹಿಂಭಾಗಕ್ಕೆ ವ್ಯಾಸಲೀನ್ ಸವರಿ.

ಮೇಲುಡುಪು

ಎದೆ-ಹೊಟ್ಟೆ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತಸಂಚಾರ ತಗ್ಗಿಸುತ್ತದೆ. ಹಾಗಾಗಿ ಕಾಲಿಗೆ ಚಳಿಯಾದರೆ ಮೇಲೆ ಇನ್ನೊಂದು ಪದರ ಹಾಕುವುದೂ ಚಿಕಿತ್ಸೆಯೇ. ಉಣ್ಣೆ ಬನಿಯನ್, ಅಂಗಿ, ವೇಸ್ಟ್‌ಕೋಟ್, ಟ್ವೀಡ್ ಜಾಕೆಟ್, ಈ ಕ್ರಮ ಸಾಕು. ಪ್ರಿನ್ಸ್ ಚಾರ್ಲಿ ಜಾಕೆಟ್ ಗುಂಡಿ ಹಾಕಲಾಗದ್ದು, ಒಳಾಂಗಣದ ಉಡುಪು. ಅದರ ಮೇಲೆ ಕಿಲ್ಟಿನ ಅಂಚಿಗಿಂತ ಕೆಳಗಿಳಿಯುವ ಓವರ್‌ಕೋಟ್ ಬೇಕು. ಬ್ಯಾಗ್‌ಪೈಪ್ ನುಡಿಸುವವರಿಗೆ ಇನ್ವರ್‌ನೆಸ್ ಕೇಪ್ ಅನುಕೂಲ, ತೋಳಿಲ್ಲದ್ದರಿಂದ ಕೈಯಾಡುತ್ತದೆ. ಟೋಪಿಯಲ್ಲಿ ಗ್ಲೆಂಗ್ಯಾರಿ ಕಿವಿ ಮುಚ್ಚದು. ಅಗಲದ ಟ್ಯಾಮ್ ಓ ಶ್ಯಾಂಟರನ್ನು ಒಂದು ಕಡೆಗಾದರೂ ಎಳೆದುಕೊಳ್ಳಬಹುದು.

ಕೂರುವಾಗ ಅಂಗೈಯಿಂದ ನೆರಿಗೆಗಳನ್ನು ಕೆಳಕ್ಕೆ ಸವರಿಕೊಂಡೇ ಕೂರಿ. ಮರೆತರೆ ಕಬ್ಬಿಣದ ಬೆಂಚು ತಾನೇ ನೆನಪಿಸುತ್ತದೆ. ವಿಸ್ಕಿಯಿಂದ ಬೆಚ್ಚಗಾಗುತ್ತದೆ ಎಂಬುದು ಚರ್ಮದ ರಕ್ತನಾಳ ಹಿಗ್ಗಿದಾಗಿನ ಭ್ರಮೆ, ಒಳಗಿನ ಶಾಖ ಆಗಲೇ ಹೊರಗೆ ಹೋಗುತ್ತಿರುತ್ತದೆ. ಕುಡಿಯುವುದಾದರೆ ಒಳಗೆ ಸೇರಿದ ಮೇಲೆ.

ನೆನೆದು ಬಂದ ಮೇಲೆ

ಹೀಟರ್ ಮೇಲೆ ಹರವಬೇಡಿ, ಉಣ್ಣೆ ಕುಗ್ಗಿ ನೆರಿಗೆ ಕೆಡುತ್ತದೆ. ಒಣ ಟವೆಲಿನಿಂದ ಒತ್ತಿ ನೀರು ತೆಗೆಯಿರಿ. ನೆರಿಗೆಗಳನ್ನು ಜೋಡಿಸಿ ಅಂಚಿನ ಹತ್ತಿರ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಸೊಂಟದ ಕಡೆ ಕ್ಲಿಪ್ ಸಿಕ್ಕಿಸಿ ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿ. ಪೂರ್ತಿ ಒಣಗಿದ ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ ಒತ್ತಿ ಎತ್ತಿ, ಕೊನೆಗೆ ಹೊಲಿಗೆ ಬಿಚ್ಚಿ. ಕೆಸರು ಹತ್ತಿದ್ದರೆ ಒದ್ದೆಯಲ್ಲಿ ಮುಟ್ಟಬೇಡಿ. ಒಣಗಿದ ಮೇಲೆ ಬ್ರಶ್ಶಿಗೆ ಉದುರುತ್ತದೆ.