ಎಂಪಿಪಿಟಿ ಕಿತ್ತುಹಾಕಿದ ಮೇಲೆ ಬ್ಯಾಟರಿ ತುಂಬಿತು

ನಮ್ಮ ಪುಟ್ಟ ಉಪಗ್ರಹದ ಸೌರಫಲಕವನ್ನು, ನಡುವೆ ಎಂಪಿಪಿಟಿ (ಫಲಕದಿಂದ ಗರಿಷ್ಠ ವಿದ್ಯುತ್ ಹೀರುವ ಸರ್ಕ್ಯೂಟ್) ಇಲ್ಲದೆ, ನೇರವಾಗಿ ಬ್ಯಾಟರಿಗೆ ಜೋಡಿಸುತ್ತೇನೆ ಎಂದಾಗ ತಂಡದಲ್ಲಿ ನಕ್ಕವರೇ ಹೆಚ್ಚು. "ಅದು ಅಜ್ಜನ ಕಾಲದ ವಿದ್ಯೆಯಪ್ಪಾ" ಎಂದರು ಹಿರಿಯರೊಬ್ಬರು. ಅಜ್ಜನಿಗೆ ಬುದ್ಧಿ ಇತ್ತು.

ನಮ್ಮದು 1ಯು ಕ್ಯೂಬ್‌ಸ್ಯಾಟ್, ಅಂದರೆ ಹತ್ತು ಸೆಂಟಿಮೀಟರಿನ ಘನಾಕಾರದ ಉಪಗ್ರಹ. ಮೇಜಿನ ಮೇಲೆ ಶೇ. 90 ದಕ್ಷತೆ ತೋರಿಸುತ್ತಿದ್ದ ಎಂಪಿಪಿಟಿ, ಬಾಹ್ಯಾಕಾಶದಂತೆ ಗಾಳಿ ತೆಗೆದು ಪರೀಕ್ಷಿಸುವ ನಿರ್ವಾತ ಕೋಣೆಯಲ್ಲಿ ಕೈಕೊಟ್ಟಿತು. ಕೋಣೆಯ ತಟ್ಟೆ 60 ಡಿಗ್ರಿಗೆ ಏರಿದಾಗ ಚಿಪ್ 100ರ ಹತ್ತಿರವಿತ್ತು. ಗಾಳಿಯೇ ಇಲ್ಲದ ಕಡೆ ಶಾಖ ಎಲ್ಲಿಗೆ ಹೋಗಬೇಕು? ಪಕ್ಕದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಪೂರಿಯಂತೆ ಉಬ್ಬಿತ್ತು. ಕೋಣೆಯ ಬಾಡಿಗೆ ದಿನಕ್ಕೆ ನಲವತ್ತು ಸಾವಿರದಷ್ಟು; ಹೀಗೆ ಎರಡು ದಿನ ಹೋಯಿತು.

ಲೆಕ್ಕ ಸರಳ. ಎರಡು ಟ್ರಿಪಲ್ ಜಂಕ್ಷನ್ (ಮೂರು ಪದರದ) ಸೌರಕೋಶ ಸರಣಿಯಲ್ಲಿ 4.8 ವೋಲ್ಟ್, ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಶಾಟ್ಕಿ ಡಯೋಡ್ ತಿಂದು ಉಳಿಯುವುದು 4.4. ಲಿಥಿಯಂ ಸೆಲ್‌ಗಳನ್ನು ಸಮಾಂತರವಾಗಿಯೇ ಇಟ್ಟು 4.1 ವೋಲ್ಟ್ ಮುಟ್ಟಿದರೆ ಹೆಚ್ಚುವರಿ ಕರೆಂಟನ್ನು ಬೇರೆಡೆ ಹರಿಸುವ ಷಂಟ್ ಹಾಕಿದೆ. ಫಲಕ ಕಾದರೆ ವೋಲ್ಟೇಜ್ ತಾನೇ ಇಳಿದು ಚಾರ್ಜಿಂಗ್ ನಿಧಾನವಾಗುತ್ತದೆ. ಗ್ರಹಣ (ಉಪಗ್ರಹ ಭೂಮಿಯ ನೆರಳಿನಲ್ಲಿರುವ ಹೊತ್ತು) ಮುಗಿದೊಡನೆ ಫಲಕ ತಣ್ಣಗಿರುವಾಗ ವಿದ್ಯುತ್ತಿನ ಐದನೇ ಒಂದು ಭಾಗ ಪೋಲಾಗುತ್ತದೆ, ನಿಜ. ಆಗಲಿ.

ಸೌರಕೋಶವೊಂದಕ್ಕೆ ಇಪ್ಪತ್ತೈದು ಸಾವಿರ ಬಿತ್ತು. ಒಂದನ್ನು ಬೆಸುಗೆ ಹಾಕುವಾಗ ಸೀಳಿದೆ. ಇನ್ನೊಂದು ನಿರ್ವಾತದಲ್ಲಿ, ಅಂಟಿನೊಳಗೆ ಸಿಕ್ಕಿಕೊಂಡಿದ್ದ ಗುಳ್ಳೆ ಹಿಗ್ಗಿ ಬಿರಿಯಿತು. ಈಗ ಗುಳ್ಳೆ ಉಳಿಯುವುದಿಲ್ಲ. ಹೇಗೆ ಎಂಬುದು ನನ್ನಲ್ಲೇ ಇರಲಿ.

ಮಧ್ಯೆ ಹ್ಯಾಲೊಜನ್ ದೀಪದಡಿ ಫಲಕ ಪರೀಕ್ಷಿಸಲು ಹೋಗಿ ಒಂದು ವಾರ ತಲೆ ಕೆಡಿಸಿಕೊಂಡೆ. ಅರ್ಧ ಕರೆಂಟೂ ಬರಲಿಲ್ಲ. ಆ ಬೆಳಕಿನಲ್ಲಿ ನೀಲಿ ಕಡಿಮೆ, ಮೇಲಿನ ಪದರ ಉಪವಾಸ ಬೀಳುತ್ತದೆ. ಒಂದು ಪದರ ಸೊರಗಿದರೆ ಇಡೀ ಕೋಶ ಸೊರಗಿದಂತೆ. ಕೊನೆಗೆ ಮಧ್ಯಾಹ್ನದ ತಾರಸಿಯೇ ಗತಿಯಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 18650 ಎಂಬ ಉರುಟು ಲಿಥಿಯಂ ಸೆಲ್ ನಲವತ್ತು ತಂದು, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆ. ಅಸಲಿಯಾದರೆ 46 ಗ್ರಾಂ ಆಸುಪಾಸು ಇರಬೇಕು. ಹನ್ನೊಂದು ಅಲ್ಲೇ ತಿರಸ್ಕೃತವಾದವು, ಒಂದಂತೂ 31! "ಇದರಲ್ಲಿ ಚಿನ್ನ ಇದೆಯಾ ಸ್ವಾಮಿ?" ಎಂದರು ಅವರು. ಉಳಿದವುಗಳಲ್ಲಿ ಒಳರೋಧ ಹೊಂದುವ ಎರಡನ್ನು ಆರಿಸಿಕೊಂಡೆ.

ಆ ಜೋಡಿಯನ್ನು ಮನೆಯಲ್ಲೇ ಕಕ್ಷೆಗೆ ಹಾಕಿದೆ: 60 ನಿಮಿಷ ಬಿಸಿಲು, 35 ನಿಮಿಷ ಗ್ರಹಣ, ಬೇಕೆಂದೇ ಸಾಮರ್ಥ್ಯದ ಶೇ. 20ರಷ್ಟನ್ನು ಹಿಂಡುವ ಲೋಡು. ದಿನಕ್ಕೆ ಹದಿನೈದು ಸುತ್ತು. ಕರೆಂಟು ಹೋದಾಗಲೆಲ್ಲ ನನ್ನ ಉಪಗ್ರಹಕ್ಕೆ ಅಕಾಲ ಗ್ರಹಣ ಹಿಡಿಯುತ್ತಿತ್ತು. ಆಮೇಲೆ ಟಿವಿಯ ಯುಪಿಎಸ್ ಎತ್ತಿಕೊಂಡೆ, ಮನೆಯಲ್ಲಿ ಬೈಸಿಕೊಂಡೆ. ಮೂರು ತಿಂಗಳಲ್ಲಿ ಸುಮಾರು 1,400 ಸುತ್ತು; ಸಾಮರ್ಥ್ಯ ಕುಸಿದದ್ದು ಶೇ. 4 ಇರಬಹುದು. ನಿರ್ವಾತ ಕೋಣೆಯಲ್ಲೂ ನಾಲ್ಕು ದಿನ ತುಟಿಪಿಟಿಕ್ ಎನ್ನದೆ ನಡೆಯಿತು.

ಮೊನ್ನೆ ಅದೇ ಹಿರಿಯರು ಸರ್ಕ್ಯೂಟ್ ಕೇಳಿದರು. ಕೊಟ್ಟಿದ್ದೇನೆ, ಡಯೋಡಿನ ನಂಬರು ಅಳಿಸಿ.