ಮೆನು ಬರುತ್ತೆ, ಸಿನಿಮಾ ಹಾಕಿದ್ರೆ ಕಪ್ಪು ಪರದೆ

ಕುವೆಂಪುನಗರದ ನಮ್ಮನೇಗೆ 4ಕೆ ಟೀವಿ ಬಂದ್ಮೇಲೆ ಶುರುವಾದ ತಲೆನೋವಿದು, ಸ್ಟ್ರೀಮಿಂಗ್ ಬಾಕ್ಸನ್ನ ಸ್ಪೀಕರ್ ನಡೆಸೋ ಹಳೇ ರಿಸೀವರ್ ಮೂಲಕ ಹಾಕಿದ್ರೆ ಮೆನು ಚೆನ್ನಾಗೇ ಬರ್ತಿತ್ತು, 4ಕೆ ಸಿನಿಮಾ ಒತ್ತಿದ ತಕ್ಷಣ ಪರದೆ ಕಪ್ಪು. ಅಂಗಡಿಯವ್ರು ಕೇಬಲ್ ಬದಲಾಯ್ಸಿ ಅಂದ್ರು (ಎಲ್ಲಾದಕ್ಕೂ ಅದೇ ಔಷಧಿ), ಬದಲಾಯ್ಸಿದ್ರೂ ಅದೇ ಕಥೆ. ಮ್ಯಾನ್ಯುಯಲ್ ತೆಗೆದ್ರೆ ರಿಸೀವರ್‌ನಲ್ಲಿರೋದು ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ಒಂದೇ ಕೇಬಲ್‌ನಲ್ಲಿ ಸಾಗಿಸೋ ಕನೆಕ್ಷನ್) ಹಳೇ ಆವೃತ್ತಿ 1.4, 4ಕೆ ಆದ್ರೆ 30 ಹರ್ಟ್ಸ್‌ಗೇ, ಅಂದ್ರೆ ಸೆಕೆಂಡಿಗೆ 30 ಚಿತ್ರಕ್ಕೇ ಸುಸ್ತು, ಅದಕ್ಕಿಂತ ಮುಖ್ಯವಾಗಿ ಕಾಪಿ ತಡೆಯೋ ಎಚ್‌ಡಿಸಿಪಿ 2.2 ಇಲ್ವೇ ಇಲ್ಲ. ಮಧ್ಯದಲ್ಲಿ ಒಂದು ಡಬ್ಬ ಅದನ್ನ ಒಪ್ಪದಿದ್ರೂ ಮುಗೀತು, ಬಾಕ್ಸು 4ಕೆ ಕಳ್ಸಲ್ಲ. ಬಾಕ್ಸನ್ನ ನೇರ ಟೀವಿಯ ಎಚ್‌ಡಿಸಿಪಿ 2.2 ಪೋರ್ಟಿಗೇ ಚುಚ್ಚಿ, ಶಬ್ದ ಮಾತ್ರ ಟೀವಿಯ ಎಆರ್‌ಸಿ (ಶಬ್ದ ಹೊರಗೆ ಕಳ್ಸೋ ಎಚ್‌ಡಿಎಂಐ) ಪೋರ್ಟಿಂದ ರಿಸೀವರ್‌ಗೆ ವಾಪಸ್ ತಗೊಂಡೆ, ಅದಕ್ಕೆ ಟೀವಿ, ರಿಸೀವರ್ ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಒಂದನ್ನೊಂದು ನಿಯಂತ್ರಿಸೋ ಸೆಟ್ಟಿಂಗ್) ಆನ್ ಮಾಡ್ಬೇಕಾಯ್ತು. ಡಾಲ್ಬಿ 5.1 ಆರಾಮಾಗಿ ಬರ್ತಿದೆ. ಇನ್ನೂ ಮೇಲ್ಮಟ್ಟದ ಶಬ್ದ ಕೊಡೋ ಡಾಲ್ಬಿಯ ಟ್ರೂಎಚ್‌ಡಿ ಬೇಕಂದ್ರೆ ಎಆರ್‌ಸಿಯ ಸುಧಾರಿತ ರೂಪ ಇಎಆರ್‌ಸಿ ಇರ್ಬೇಕು, ನಮ್ಮನೆ ಪುಟಾಣಿ ಹಾಲಿಗೆ ಅದೆಲ್ಲ ಯಾಕೆ ಅಂತ ಬಿಟ್ಟೆ.